ಒಂದು ತಾಸಿನ ಭೇಟಿಯಿಂದ ಕೆಲಸ ಕಲಿತಂತಾಗದು

ಮಾನ್ಯ ಸಂಪಾದಕರೇ,

ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪಿನ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕ ನಡೆಸುತ್ತಿರುವ ನಾನು, ಕಳೆದ ವರ್ಷ ಸಮೀಪದ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಯ ಮಕ್ಕಳನ್ನು ಕೈಗಾರಿಕಾ ಭೇಟಿಗೆ ಬರಮಾಡಿಕೊಂಡಿದ್ದೆ. ಅವರು ಲೋಹ ಕಡೆಯುವ ಲೇಥ್‌ಗಳ ನಡುವೆ ಸಾಲಾಗಿ ನಡೆದರು, ಫೋಟೊ ತೆಗೆಸಿಕೊಂಡರು, ಒಂದು ತಾಸಿನೊಳಗೆ ಹೊರಟರು. ಯಂತ್ರಗಳ ಗದ್ದಲದಲ್ಲಿ ನನ್ನ ಮಾತು ಹಿಂದೆ ನಿಂತವರಿಗೆ ಕೇಳಿಸಲೇ ಇಲ್ಲ.

ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿ 9 ಮತ್ತು 10ನೇ ತರಗತಿಗಳಿಗೆ ವೃತ್ತಿ ವಿಷಯಗಳನ್ನು ಕಲಿಸಲಾಗುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯವರು ಹತ್ತು ದಿನ ಬ್ಯಾಗ್ ಬಿಟ್ಟು ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲಿ ಎಂದಿದೆ. ಆದರೆ ಒಬ್ಬ ವಿದ್ಯಾರ್ಥಿ ವಾರಕ್ಕೆರಡು ಮಧ್ಯಾಹ್ನದಂತೆ ಇಡೀ ವರ್ಷ ಒಂದೇ ಕಾರ್ಖಾನೆಗೆ ಬಂದು, ಆ ಕಲಿಕೆಗೆ ಶಾಲೆಯಲ್ಲಿ ಅಂಕ ಪಡೆಯುವ ವ್ಯವಸ್ಥೆಯನ್ನು ಕೇಳಿಕೊಂಡು ನಮ್ಮ ಬಾಗಿಲಿಗೆ ಈವರೆಗೆ ಯಾರೂ ಬಂದಿಲ್ಲ.

ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳ ಊರಿನಲ್ಲಿ ಇದು ಸುರಕ್ಷಿತವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. 14ರಿಂದ 18ರ ವಯಸ್ಸಿನವರನ್ನು ಅಪಾಯಕಾರಿ ಕೆಲಸಗಳಲ್ಲಿ ತೊಡಗಿಸುವುದನ್ನು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ನಿಷೇಧಿಸಿದೆ. ಕುಲುಮೆಯ ಬಳಿಗಾಗಲಿ ಲೇಥ್‌ನಲ್ಲಿ ಲೋಹವನ್ನು ಹಿಡಿದು ತಿರುಗುವ ಚಕ್‌ನ ಬಳಿಗಾಗಲಿ ಅವರನ್ನು ಬಿಡಲೇಬಾರದು. ಆದರೆ ಕಾರ್ಖಾನೆಯೆಂದರೆ ಅಷ್ಟೇ ಅಲ್ಲ. ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಸೂಕ್ಷ್ಮ ಅಳತೆಯ ಸಾಧನವಾದ ಮೈಕ್ರೊಮೀಟರ್ ಹಿಡಿದು ಕೂತ ಹುಡುಗಿಗೆ, 25 ಮಿ.ಮೀ. ದಪ್ಪದ ಶಾಫ್ಟು (ತಿರುಗುವ ದಂಡ) 25.03 ಬಂದರೆ ಬೇರಿಂಗ್ ಸಲೀಸಾಗಿ ಏರುವುದಿಲ್ಲ, 24.96 ಬಂದರೆ ಸಡಿಲವಾಗುತ್ತದೆ ಎಂಬುದು ಕೈಗೇ ತಿಳಿಯುತ್ತದೆ. ದಪ್ಪವಾದದ್ದನ್ನು ಮತ್ತೆ ಗ್ರೈಂಡಿಂಗ್‌ಗೆ ಕಳುಹಿಸಬಹುದು, ತೆಳ್ಳಗಾದದ್ದು ಗುಜರಿಗೆ. ಮೈಕ್ರೊಮೀಟರಿನ ತಿರುಪನ್ನು ಅತಿಯಾಗಿ ಬಿಗಿದರೆ ಅಳತೆಯೇ ಸುಳ್ಳಾಗುತ್ತದೆ. ಅದಕ್ಕೆಂದೇ ತುದಿಯ ರ‍್ಯಾಚೆಟ್ ಒತ್ತಡ ಮಿತಿಮೀರದಂತೆ ಕಟಕಟನೆ ಜಾರುತ್ತದೆ. ಆದರೂ ಅಳೆಯುವ ಕೈಹದ ನಾಲ್ಕೈದು ವಾರ ಕೂತರಷ್ಟೇ ಬರುವಂಥದ್ದು. ದಶಮಾಂಶದ ಎರಡನೆಯ ಸ್ಥಾನಕ್ಕೆ ಇಷ್ಟು ಬೆಲೆಯಿದೆ ಎಂದು ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ನಮ್ಮವರ ತಪ್ಪನ್ನೂ ಮುಚ್ಚಿಡುವಂತಿಲ್ಲ. ಹುಡುಗರು ಬರುತ್ತಾರೆಂದರೆ ಚಹಾ ತರಲು, ಲೋಹದ ಚೂರು ಗುಡಿಸಲು ಕೈಯೊಂದು ಸಿಕ್ಕಿತು ಎಂದು ಲೆಕ್ಕ ಹಾಕುವ ಮಾಲೀಕರಿದ್ದಾರೆ. ಆದ್ದರಿಂದಲೇ ಎಲ್ಲವೂ ಬರಹದಲ್ಲಿರಬೇಕು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರೌಢಶಾಲೆಗಳಲ್ಲಿ ಇಂತಹ, ಕೆಲಸದ ಜಾಗದಲ್ಲೇ ಕಲಿಯುವ ಸಹಕಾರಿ ಶಿಕ್ಷಣಕ್ಕೆ (ಕೋ-ಆಪ್) ಬೇರೆ ವಿಷಯಗಳಂತೆಯೇ 110 ಗಂಟೆಗಳಿಗೆ ಒಂದು ಕ್ರೆಡಿಟ್ ಸಿಗುತ್ತದೆ. ವಿದ್ಯಾರ್ಥಿ ಏನೇನು ಕಲಿಯಬೇಕೆಂಬ ಯೋಜನೆಯನ್ನು ಮೊದಲೇ ಬರೆಯಲಾಗುತ್ತದೆ. ಸುರಕ್ಷತೆಯ ಪಾಠವಾದ ಮೇಲೆಯೇ ಕೆಲಸದ ಜಾಗಕ್ಕೆ ಕಳುಹಿಸುತ್ತಾರೆ. ಗಾಯವಾದರೆ ಪರಿಹಾರಕ್ಕೆ ವಿಮೆಯ ಏರ್ಪಾಡೂ ಇದೆ. ಅಲ್ಲಿನ ಸಂಬಳ, ಸೌಲಭ್ಯಗಳ ಮಾತು ಬೇರೆ, ಆದರೆ ಕಾಗದಪತ್ರದ ಈ ಶಿಸ್ತಿಗೆ ಹೆಚ್ಚಿನ ಹಣವೇನೂ ಬೇಕಿಲ್ಲ.

ಬೆಳಗಾವಿ ಮತ್ತು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರು ಉದ್ಯಮಿಗಳ ಸಂಘಟನೆಗಳೊಡನೆ ಕೂತು ಒಪ್ಪಂದದ ಮಾದರಿಯೊಂದನ್ನು ಸಿದ್ಧಪಡಿಸಬೇಕೆಂದು ಕೋರುತ್ತೇನೆ. ಅದರಲ್ಲಿ ಗಂಟೆಗಳ ಮಿತಿ, ಕಲಿಕೆಯ ಪಟ್ಟಿ, ವಿಮೆ ಹಾಗೂ ಶಿಕ್ಷಕರ ಪಾಕ್ಷಿಕ ಭೇಟಿ ಸೇರಿರಲಿ. ನನ್ನ ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಒಮ್ಮೆಗೆ ಇಬ್ಬರಿಗೆ ಜಾಗವಿದೆ. ಪತ್ರ ಬಂದ ವಾರವೇ ಎರಡು ಸ್ಟೂಲು ಹಾಕಿಸುತ್ತೇನೆ.

— ಸಣ್ಣ ಕೈಗಾರಿಕಾ ಘಟಕದ ಮಾಲೀಕ, ಉದ್ಯಮಬಾಗ, ಬೆಳಗಾವಿ