ವದಂತಿಯ ಓಟ: ಕಂಪ್ಯೂಟರಿನಲ್ಲಿ ಪರೀಕ್ಷಿಸಿ

ಮಾನ್ಯರೇ,

ವದಂತಿಗೆ ಹೆದರಿ ಜನ ಊರು ಬಿಡುವಂತಹ ಆಂತರಿಕ ಭದ್ರತೆಯ ಸಮಸ್ಯೆಗಳನ್ನು ಅರಿಯಲು ಏಜೆಂಟ್ ಆಧಾರಿತ ಕಂಪ್ಯೂಟರ್ ಸಿಮ್ಯುಲೇಷನ್ ಬಳಸಬೇಕು. 2012ರ ಆಗಸ್ಟ್‌ನಲ್ಲಿ, ತಮ್ಮ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದ್ದನ್ನು ಮರೆಯಲಾದೀತೇ? ನಮ್ಮ ಬೀದಿಯ ಅಪಾರ್ಟ್‌ಮೆಂಟ್ ಕಾಯುತ್ತಿದ್ದ ಅಸ್ಸಾಮಿನ ಹುಡುಗ ಬಾಕಿ ಸಂಬಳವನ್ನೂ ಕೇಳದೆ ಕೈಚೀಲ ಹಿಡಿದು ಹೊರಟುಬಿಟ್ಟ. ‘ಏನೂ ಆಗಲ್ಲ, ಇರಪ್ಪ’ ಎಂದರೆ ಮೊಬೈಲ್‌ಗೆ ಬಂದಿದ್ದ ಸಂದೇಶ ತೋರಿಸಿದ. ಅವನ ಮೇಲೆ ಯಾರೂ ಕೈ ಮಾಡಿರಲಿಲ್ಲ. ಕೇಂದ್ರ ಸರ್ಕಾರ ಸಾಮೂಹಿಕ ಎಸ್‌ಎಂಎಸ್‌ಗಳನ್ನು 5ಕ್ಕೆ ಮಿತಿಗೊಳಿಸುವ ವೇಳೆಗೆ ಎಷ್ಟೋ ರೈಲುಗಳು ಹೊರಟುಹೋಗಿದ್ದವು.

ಏಜೆಂಟ್ ಆಧಾರಿತ ಸಿಮ್ಯುಲೇಷನ್‌ನಲ್ಲಿ ಕಂಪ್ಯೂಟರಿನೊಳಗೆ ಸಾವಿರಾರು ‘ವ್ಯಕ್ತಿ’ಗಳನ್ನು, ಅಂದರೆ ಏಜೆಂಟ್‌ಗಳನ್ನು, ಸೃಷ್ಟಿಸುತ್ತಾರೆ. ಯಾರ ಮಾತು ನಂಬಬೇಕು, ಅಕ್ಕಪಕ್ಕದ ಎಷ್ಟು ಜನ ಹೊರಟರೆ ತಾನೂ ಹೊರಡಬೇಕು ಎಂಬ ಸರಳ ನಿಯಮ ಪ್ರತಿಯೊಬ್ಬರಿಗೂ ಇರುತ್ತದೆ. ಅಧಿಕೃತ ಸ್ಪಷ್ಟನೆ ಒಂದು ದಿನ ಮೊದಲೇ ಬಂದಿದ್ದರೆ, ಅದೂ ಅಸ್ಸಾಮಿ ಭಾಷೆಯಲ್ಲಿ ಬಂದಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರು ಎಂದು ಮತ್ತೆ ಮತ್ತೆ ಓಡಿಸಿ ನೋಡಬಹುದು. ಇದು ಭವಿಷ್ಯ ಹೇಳುವ ಯಂತ್ರವಲ್ಲ. ನಿಯಮ ತಪ್ಪಿದರೆ ಉತ್ತರವೂ ತಪ್ಪುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒದ ಪ್ರಯೋಗಾಲಯಗಳು ಇದೇ ಊರಿನಲ್ಲಿವೆ. ನಗರ ಪೊಲೀಸರು ಅವರ ನೆರವು ಪಡೆದು ಇಂತಹ ಮಾದರಿ ರೂಪಿಸಲಿ. ನಿಯಮಗಳನ್ನು ಬರೆಯುವಾಗ ಅಂದು ರೈಲು ಹತ್ತಿ, ಮತ್ತೆ ಮರಳಿ ಬಂದವರನ್ನೂ ಕೂರಿಸಿಕೊಂಡು ಕೇಳಲಿ.

– ಓರ್ವ ಓದುಗ, ಜಯನಗರ, ಬೆಂಗಳೂರು