ಲೋಡ್ ಕೊಡದೆ ‘ದೋಷವಿಲ್ಲ’ ಎಂದು ಬರೆದು ವಾಪಸ್ ಕಳಿಸಿದ ಗ್ರಾಫಿಕ್ಸ್ ಕಾರ್ಡ್

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಮೂರು ಫ್ಯಾನಿನ, ಫ್ಯಾಕ್ಟರಿಯಲ್ಲೇ ಓವರ್‌ಕ್ಲಾಕ್ ಮಾಡಿದ (ಚಿಪ್‌ನ ವೇಗ ಏರಿಸಿದ) ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಲೋಡ್ ಬಿದ್ದರೆ, ಅಂದರೆ ಭಾರದ ಕೆಲಸ ಕೊಟ್ಟರೆ, ವಿಪರೀತ ಬಿಸಿಯಾಗಿ ನಿಧಾನವಾಗುತ್ತದೆ. ಅದು ಎರಡು ಸಲ ಬೆಂಗಳೂರಿನ ನಿಮ್ಮ ಸರ್ವೀಸ್ ಸೆಂಟರಿಗೆ ಹೋಗಿ, ಎರಡು ಸಲವೂ ಹೋದ ಹಾಗೇ ತುಮಕೂರಿಗೆ ವಾಪಸ್ ಬಂದಿದೆ. ಆರು ಸಲ ಫೋನ್ ಮಾಡಿ ಆಯಿತು. ಇನ್ನು ಮಾಡುವುದಿಲ್ಲ.

ಈ ಚಿಪ್‌ಗೆ ಅದನ್ನು ರೂಪಿಸಿದ ಎನ್‌ವಿಡಿಯಾ ನಿಗದಿ ಮಾಡಿದ ಬೂಸ್ಟ್ ಕ್ಲಾಕ್ (ಲೋಡ್‌ನಲ್ಲಿ ಓಡಬೇಕಾದ ವೇಗ) 2475 ಮೆಗಾಹರ್ಟ್ಸ್. ನಿಮ್ಮ ಡಬ್ಬದ ಮೇಲಿರುವುದು 2610. ಗೇಮಿನಲ್ಲಿ ಅದು ನೂರು ಫ್ರೇಮಿಗೆ ಎರಡೋ ಮೂರೋ ಫ್ರೇಮ್ ಹೆಚ್ಚು ಕೊಟ್ಟೀತು. ಅದಕ್ಕೋಸ್ಕರ ಸಾದಾ ಮಾಡೆಲ್‌ಗಿಂತ 5,500 ರೂಪಾಯಿ ಹೆಚ್ಚು ಕೊಡಲಿಲ್ಲ, ಕೊಟ್ಟದ್ದು ಕೂಲರ್‌ಗೆ. ಚಿಪ್ ನಿಮ್ಮದಲ್ಲ. ಬಿಸಿ ಹೀರುವ ಹೀಟ್‌ಸಿಂಕ್, ಅದಕ್ಕೂ ಚಿಪ್‌ಗೂ ನಡುವಿನ ಪೇಸ್ಟ್, ನಾಲ್ಕು ಸ್ಪ್ರಿಂಗ್ ಸ್ಕ್ರೂ ನಿಮ್ಮವು. ದೋಷ ಇರುವುದೂ ಅಲ್ಲೇ.

ರೂಮಿನಲ್ಲಿ 30 ಡಿಗ್ರಿ ಇದ್ದಾಗ ಕಾರ್ಡಿಗೆ ಪೂರ್ತಿ ಲೋಡ್ ಕೊಟ್ಟು ನೋಡುವ ತ್ರೀಡಿಮಾರ್ಕ್ ಸ್ಟ್ರೆಸ್ ಟೆಸ್ಟ್ ಓಡಿಸಿದ್ದೇನೆ. 20 ಸುತ್ತು, ಪಾಸಾಗಲು ಶೇ. 97ರಷ್ಟು ಫ್ರೇಮ್ ಸ್ಥಿರತೆ ಬೇಕು. ಬಂದದ್ದು ಶೇ. 91.4. ಮೊದಲ ಸುತ್ತಿನಲ್ಲಿ 2745ರಲ್ಲಿದ್ದ ಕ್ಲಾಕ್ ಐದನೇ ಸುತ್ತಿಗೆ 2400ರ ಕೆಳಗೆ ಇಳಿಯುತ್ತದೆ. ಆಗ ಜಿಪಿಯು (ಚಿಪ್) 71 ಡಿಗ್ರಿ, ಮೆಮೊರಿ 82, ಹಾಟ್‌ಸ್ಪಾಟ್, ಅಂದರೆ ಚಿಪ್‌ನ ಅತಿ ಬಿಸಿ ಜಾಗ, 105. ಜಿಪಿಯುಗೂ ಹಾಟ್‌ಸ್ಪಾಟ್‌ಗೂ ಸಾಮಾನ್ಯವಾಗಿ 10–15 ಡಿಗ್ರಿ ಅಂತರ ಇರುತ್ತದೆ. ಇಲ್ಲಿ 34.

‘ಕ್ಯಾಬಿನೆಟ್‌ನಲ್ಲಿ ಗಾಳಿ ಆಡುತ್ತಿಲ್ಲ’ ಎಂದು ಈಮೇಲ್ ಕಳಿಸಿದಿರಿ. ಪಕ್ಕದ ಬಾಗಿಲು ತೆಗೆದು, ಟೇಬಲ್ ಫ್ಯಾನ್ ಇಟ್ಟು ಮತ್ತೆ ಓಡಿಸಿದೆ. ಜಿಪಿಯು 66ಕ್ಕೆ ಇಳಿಯಿತು, ಹಾಟ್‌ಸ್ಪಾಟ್ 103ರಲ್ಲೇ ನಿಂತಿತು. ಗಾಳಿಯ ಕೊರತೆಯಾಗಿದ್ದರೆ ಎರಡೂ ಒಟ್ಟಿಗೆ ಇಳಿಯಬೇಕಿತ್ತು. ಕ್ಲಾಕನ್ನು 135 ಮೆಗಾಹರ್ಟ್ಸ್ ಇಳಿಸಿದರೂ 102. ಪವರ್ ಲಿಮಿಟ್ (ಕಾರ್ಡ್ ಎಳೆಯುವ ವಿದ್ಯುತ್ತಿನ ಮಿತಿ) ಶೇ. 70ಕ್ಕೆ ತಂದರೆ ಮಾತ್ರ 88ಕ್ಕೆ ಬರುತ್ತದೆ, ಆದರೆ ಆಗ ಕಾರ್ಡ್ ಸಾದಾ ಮಾಡೆಲ್‌ಗಿಂತ ನಿಧಾನ. ಮೆಮೊರಿ ತಣ್ಣಗಿದೆ ಎಂದರೆ ಅದರ ಬಿಸಿ ದಾಟಿಸುವ ಪ್ಯಾಡ್‌ಗಳು ಸರಿಯಾಗಿ ಕೂತಿವೆ. ಚಿಪ್‌ನ ಒಂದು ಮೂಲೆಯ ಬಿಸಿ ಮಾತ್ರ ತಾಮ್ರಕ್ಕೆ ದಾಟುತ್ತಿಲ್ಲ: ಒಂದೋ ಪೇಸ್ಟ್ ಸರಿದಿದೆ, ಇಲ್ಲ ಸ್ಕ್ರೂಗಳನ್ನು ಒಂದೇ ಸಮ ಬಿಗಿದಿಲ್ಲ. ಕೂಲರ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಹೊಸ ಪೇಸ್ಟ್ ಹಚ್ಚಿ, ನಾಲ್ಕೂ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ. ಆದರೆ ಒಂದು ಸ್ಕ್ರೂ ಮೇಲೆ ನಿಮ್ಮ ವಾರಂಟಿ ಸ್ಟಿಕರ್ ಇದೆ. ನಾನು ಬಿಚ್ಚಬಾರದು, ನೀವು ಬಿಚ್ಚುವುದಿಲ್ಲ.

ಎರಡನೇ ಸಲ ನಾನೇ ಕಾರ್ಡ್ ಹಿಡಿದುಕೊಂಡು ಬೆಂಗಳೂರಿಗೆ ಬಂದೆ. ಟೋಕನ್ 23. ಒಂದು ಗಂಟೆ ನಲವತ್ತು ನಿಮಿಷ ಕಾದ ಮೇಲೆ ಕೌಂಟರಿನವರು ಕಾರ್ಡನ್ನು ಟೆಸ್ಟ್ ಬೆಂಚ್‌ಗೆ ಹಾಕಿ ವಿಂಡೋಸ್ ಆನ್ ಮಾಡಿದರು. ಪರದೆಯಲ್ಲಿ ಬರೀ ಡೆಸ್ಕ್‌ಟಾಪ್. 41 ಡಿಗ್ರಿ. ಮೂರು ಫ್ಯಾನೂ ತಿರುಗುತ್ತಿರಲಿಲ್ಲ.

‘ನೋಡಿ ಸಾರ್, 41. ತಣ್ಣಗಿದೆ.’

‘ಲೋಡ್ ಇಲ್ಲದಾಗ ತಣ್ಣಗೇ ಇರುತ್ತೆ, ಅದಕ್ಕೇ ಫ್ಯಾನ್ ನಿಂತಿರೋದು. ಹತ್ತು ನಿಮಿಷ ಟೆಸ್ಟ್ ಓಡಿಸಿ, ಹಾಟ್‌ಸ್ಪಾಟ್ ನೋಡಿ.’

‘ಇದು ಸರ್ವೀಸ್ ಸೆಂಟರು, ಗೇಮ್ ಆಡೋ ಜಾಗ ಅಲ್ಲ.’

ನನ್ನ ಮೊಬೈಲಿನಲ್ಲಿದ್ದ ಗ್ರಾಫ್ ತೋರಿಸಿದೆ. ಅವರು ಫೋನ್ ಕೈಗೇ ತೆಗೆದುಕೊಳ್ಳಲಿಲ್ಲ. ಪಕ್ಕದ ಕೌಂಟರಿನವರ ಕಡೆ ತಿರುಗಿ, ‘ತುಮಕೂರಿಂದ ಬಂದಿದಾರೆ, ಗೇಮ್ ಆಡೋಕೆ ಇಷ್ಟೆಲ್ಲಾ ಲೆಕ್ಕ ಹಾಕ್ಕೊಂಡು’ ಎಂದರು. ಸಾಲಿನಲ್ಲಿದ್ದವರು ನಕ್ಕರು. ಆಮೇಲೆ ನನಗೆ, ‘ಅಲ್ಲಿ ಬಿಸಿಲು ಜಾಸ್ತಿ ಸಾರ್, ರೂಮಿಗೆ ಎಸಿ ಹಾಕಿಸಿ.’ ಜಾಬ್‌ಶೀಟ್‌ನಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಸೀಲ್ ಒತ್ತಿದರು. ಬೆಂಚ್‌ನಲ್ಲಿ ಕಾರ್ಡ್ ಇದ್ದದ್ದು ನಾಲ್ಕು ನಿಮಿಷ. ಗಡಿಯಾರ ನೋಡಿದ್ದೇನೆ.

200 ವ್ಯಾಟ್ ಕೆಲಸಕ್ಕೆ ಮಾಡಿದ ಕಾರ್ಡನ್ನು ಖಾಲಿ ಕೂರಿಸಿ ಪರೀಕ್ಷೆ ಮಾಡುವುದು, ಬೋರ್‌ವೆಲ್ ಮೋಟಾರನ್ನು ನೀರೆತ್ತಿಸದೆ ಸರಿಯಿದೆ ಎನ್ನುವುದು, ಎರಡೂ ಒಂದೇ. ಮೂರು ವರ್ಷದ ವಾರಂಟಿ ಎಂದು ಬರೆದವರು ನೀವೇ. ನೀವೇ ಏರಿಸಿದ ಕ್ಲಾಕ್‌ನಲ್ಲಿ ಕಾರ್ಡ್ ನಿಲ್ಲದಿದ್ದರೆ ಅದು ದೋಷವೇ ಎಂದು ನಿಮ್ಮ ಎಂಜಿನಿಯರ್‌ಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಕಾರ್ಡ್ ಬದಲಾಯಿಸಿ, ಇಲ್ಲವೇ ಕೂಲರ್ ಬಿಚ್ಚಿ ಸರಿಪಡಿಸಿ, 20 ಸುತ್ತಿನ ಲೋಡ್ ಟೆಸ್ಟ್‌ನ ಹಾಟ್‌ಸ್ಪಾಟ್ ದಾಖಲೆಯ ಜೊತೆ ಕಳಿಸಿ. ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತುಮಕೂರು ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕುತ್ತೇನೆ. ಗ್ರಾಹಕ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಬಿಲ್ಲು, ನಿಮ್ಮ ಎರಡು ಜಾಬ್‌ಶೀಟ್, ಟೆಸ್ಟ್‌ಗಳ ವಿಡಿಯೊ, ಒಡೆಯದೆ ಉಳಿದಿರುವ ಸ್ಟಿಕರ್‌ನ ಫೋಟೊ ಎಲ್ಲವೂ ಫೈಲಿನಲ್ಲಿವೆ. ಕಾರ್ಡಿನ ಹಣದ ಜೊತೆಗೆ ಬೆಂಗಳೂರಿಗೆ ಓಡಾಡಿದ ಖರ್ಚನ್ನೂ, ಆ ಕೌಂಟರಿನಲ್ಲಿ ಆದ ಅವಮಾನಕ್ಕೆ ಪರಿಹಾರವನ್ನೂ ಕೇಳುತ್ತೇನೆ. ಆಮೇಲೆ ರಾಜಿಗೆ ಫೋನ್ ಮಾಡಬೇಡಿ, ಎತ್ತುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ
ಎಸ್.ಎಸ್. ಪುರಂ, ತುಮಕೂರು