ಡ್ರೆಸ್ಸಿಂಗ್ ಕೋಣೆಯವರಿಗೂ ಮಾಂಟ್ರಿಯಲ್‌ನ ಅಪರಿಚಿತರಿಗೂ ವಂದನೆ

ಕುದಿಯುವ ನೀರು ಬಿದ್ದು ಸುಟ್ಟಿದ್ದ ನನ್ನ ಕೈ ಮತ್ತು ತೊಡೆಯ ಗಾಯಗಳು ಮಾಗಿವೆ, ಇನ್ನು ಡ್ರೆಸ್ಸಿಂಗ್‌ಗೆ ಬರಬೇಕಾಗಿಲ್ಲ ಎಂದು ವೈದ್ಯರು ಕಳೆದ ವಾರ ತಿಳಿಸಿದರು. ಗೌರಿಬಿದನೂರಿನಿಂದ ಬೆಂಗಳೂರಿಗೆ ನನ್ನನ್ನು ಕರೆದೊಯ್ದ ನೆರೆಹೊರೆಯವರಿಗೆ, ನನ್ನ ತರಗತಿಗಳನ್ನು ಹಂಚಿಕೊಂಡ ಸಹಶಿಕ್ಷಕರಿಗೆ, ಚರ್ಮ ಕಸಿ ಮಾಡಿದ ಶಸ್ತ್ರವೈದ್ಯರಿಗೆ ನಾನು ಋಣಿ.

ವಿಶೇಷವಾಗಿ ನೆನೆಯಬೇಕಾದವರು ಆಸ್ಪತ್ರೆಯ ಮನಃಶಾಸ್ತ್ರಜ್ಞೆ. ಪಟ್ಟಿ ಬಿಚ್ಚಿ ಗಾಯ ತೊಳೆಯುವಾಗಿನ ನೋವಿಗೆ ಔಷಧದ ಜೊತೆಗೆ ಸಮ್ಮೋಹನವನ್ನೂ (ಹಿಪ್ನಾಸಿಸ್) ಬಳಸೋಣವೆಂದು ಅವರು ಹೇಳಿದಾಗ, ವಿಚಾರವಾದಿ ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕಿನವಳಾದ ನಾನು ಪುರಾವೆ ಕೇಳದೆ ಒಪ್ಪಲಿಲ್ಲ. ಅವರು ಬೇಸರಿಸದೆ, ವಿಜ್ಞಾನಿ ಪಿಯರ್ ರೆನ್ವಿಲ್ ಮತ್ತು ಸಂಗಡಿಗರು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿವರಿಸಿದರು. ಸ್ವಯಂಸೇವಕರು ಸುಮಾರು 47 ಡಿಗ್ರಿಯ ಬಿಸಿನೀರಿನಲ್ಲಿ ಕೈಯಿಟ್ಟಿದ್ದಾಗ, ನೋವಿನ ಅಸಹನೀಯತೆ ಒಮ್ಮೆ ಹೆಚ್ಚುವಂತೆ, ಒಮ್ಮೆ ತಗ್ಗುವಂತೆ ಸಮ್ಮೋಹನದ ಸೂಚನೆ ಕೊಟ್ಟು, ಮಿದುಳಿನ ಚಟುವಟಿಕೆಯನ್ನು ತೋರಿಸುವ ಪೆಟ್ ಸ್ಕ್ಯಾನ್ ಮಾಡಲಾಯಿತು. ನೀರಿನ ಬಿಸಿ ಬದಲಾಗದಿದ್ದರೂ, ನೋವಿನ ಸಂಕಟಕ್ಕೆ ಸಂಬಂಧಿಸಿದ ಮಿದುಳಿನ ಭಾಗವಾದ ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್‌ನ ಚಟುವಟಿಕೆ ಸೂಚನೆಗೆ ತಕ್ಕಂತೆ ಏರಿಳಿಯಿತು. ಸ್ಪರ್ಶವನ್ನು ಗ್ರಹಿಸುವ ಭಾಗದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ನನ್ನ ಅನುಭವವೂ ಇದಕ್ಕೆ ಹೊಂದುತ್ತದೆ. ನಾನು ನಿದ್ದೆ ಹೋಗಲಿಲ್ಲ, ಟ್ರೇಯ ಸದ್ದೂ ಸಿಸ್ಟರ್ ಮಾತೂ ಕೇಳಿಸುತ್ತಿದ್ದವು. ಉರಿ ಇತ್ತು, ಅದು ಯಾರದೋ ಮನೆಯ ಗಲಾಟೆಯಂತೆ ಆಚೆಗಿತ್ತು. ಇದು ಎಲ್ಲರಿಗೂ ಒಂದೇ ಸಮನಾಗಿ ಒಗ್ಗುವುದಿಲ್ಲ, ನೋವಿನ ಮಾತ್ರೆಯನ್ನು ನಿಲ್ಲಿಸುವಂತಿಲ್ಲ ಎಂದು ಮನಃಶಾಸ್ತ್ರಜ್ಞೆ ಮೊದಲೇ ಹೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತೆನ್ನಬೇಕು. ಅವರ ಮಾತಿನ ಲಯಕ್ಕೆ ತಕ್ಕಂತೆ ಕೈಯ ವೇಗವನ್ನು ಹೊಂದಿಸಿಕೊಂಡು ಪಟ್ಟಿ ಬಿಚ್ಚಿದ ಸಿಸ್ಟರ್‌ಗೂ ಅಷ್ಟೇ ಋಣಿಯಾಗಿದ್ದೇನೆ.

ಸೊಸೆಗೆ ಯಾರೋ ವಶೀಕರಣ ಮಾಡುತ್ತಿದ್ದಾರೆಂದು ನಮ್ಮ ಅತ್ತೆಯವರು ಹೆದರಿದ್ದರು. ಮನಃಶಾಸ್ತ್ರಜ್ಞೆ ಅವರನ್ನೂ ಒಳಗೆ ಕೂರಿಸಿಕೊಂಡರು. ನಡುವೆ ನಾನೇ ಪಟ್ಟಿ ಬಿಗಿಯಾಯಿತು, ಸಡಿಲಿಸಿ ಎಂದದ್ದನ್ನು ಕೇಳಿದ ಮೇಲೆ ಅವರ ಭಯ ಹೋಯಿತು. ಅನಂತರ ನಮ್ಮ ಬೀದಿಯವರ ಅನುಮಾನಗಳಿಗೆಲ್ಲ ಉತ್ತರ ಕೊಟ್ಟವರು ಅವರೇ, ನನಗಿಂತ ಚೆನ್ನಾಗಿಯೇ ಕೊಟ್ಟರು.

ಆಕಸ್ಮಿಕವಾಗಿ ಸುಟ್ಟುಕೊಂಡವಳು ನಾನು. ಇನ್ನೊಬ್ಬರ ನೋವು ಅರ್ಥವಾಗಲೆಂದು ತಾವಾಗಿಯೇ ಬಿಸಿನೀರಿಗೆ ಕೈಯೊಡ್ಡಿದವರು ಮಾಂಟ್ರಿಯಲ್‌ನ ಆ ಸ್ವಯಂಸೇವಕರು. ಅವರ ಹೆಸರು ನನಗೆ ಗೊತ್ತಿಲ್ಲ, ಈ ಬರಹ ಅವರಿಗೆ ತಲುಪುವುದೂ ಇಲ್ಲ. ಸೋಮವಾರದಿಂದ ಶಾಲೆಗೆ ಹೋಗುತ್ತಿದ್ದೇನೆ. ಹತ್ತನೇ ತರಗತಿಗೆ ನರಮಂಡಲದ ಪಾಠ ಇನ್ನೂ ಬಾಕಿಯಿದೆ, ಆಗ ಅವರ ವಿಷಯವನ್ನು ಮಕ್ಕಳಿಗೆ ಹೇಳುತ್ತೇನೆ.